ಮೂರು ಹರದಾರಿ ದೂರದ ದಡ

ಬ್ಯಾರಿಂಗ್ಟನ್, ನೋವಾ ಸ್ಕೋಶಿಯಾ
12 ಜನವರಿ 1780

ಮಾರ್ಬಲ್‌ಹೆಡ್ಡಿನ ಕ್ಯಾಪ್ಟನ್ ಓಬೆಡ್ ಟ್ರಾಸ್ಕ್ ಅವರಿಗೆ,

ನಾನು ಯಾರು ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ಹೋದ ಅಕ್ಟೋಬರಿನಲ್ಲಿ ಕೇಪ್ ಸೇಬಲ್ ಆಚೆ ಸ್ಪೀಡ್‌ವೆಲ್ ಅನ್ನೋ ಹಡಗು ಹಿಡಿದಿರಲ್ಲ, ಅದನ್ನ ನಡೆಸ್ತಿದ್ದ ಸೈಲಸ್ ನಿಕರ್ಸನ್ ನನ್ನ ಗಂಡ. ಈ ವಿಷಯ ನನಗೆ ಹೇಗೆ ಗೊತ್ತಾಯ್ತು ಗೊತ್ತಾ? ಬಾಸ್ಟನ್ನಿನ ಚಿಕ್ಕಮ್ಮ ಸೂಜಿ ಸುತ್ತಿ ಕಳಿಸಿದ ಹಳೇ ಪತ್ರಿಕೆಯಿಂದ. ‘ಕ್ಯಾಪ್ಟನ್ ಟ್ರಾಸ್ಕ್ ಅವರ ಸಾಹಸ’ ಅಂತ ನಾಲ್ಕು ಸಾಲು. ಹಡಗು, ಅದರೊಳಗಿನ ಉಪ್ಪುಮೀನು, ಹಾಯಿ, ಹಗ್ಗ, ಎಲ್ಲ ಬರೆದಿದ್ದಾರೆ. ಒಳಗಿದ್ದ ಐದು ಜನ ಏನಾದರು ಅಂತ ಮಾತ್ರ ಇಲ್ಲ. ಉಳಿದ ನಾಲ್ವರು ಹ್ಯಾಲಿಫ್ಯಾಕ್ಸಿನಲ್ಲಿ ಹತ್ತಿದ ಪರವೂರಿನವರು, ಅವರಿಗೆ ಅಳೋರು ಎಲ್ಲಿದ್ದಾರೋ. ಐದನೆಯವನಿಗೆ ನಾನಿದ್ದೀನಿ.

ಬೈಯೋಕೆ ಅಂತ ಶುರು ಮಾಡಿದ ಎರಡು ಕಾಗದ ಒಲೆಗೆ ಹಾಕಿದೆ. ಇದು ಮೂರನೇದು. ನಾವು ಇಂಗ್ಲೆಂಡ್ ರಾಜನ ಪ್ರಜೆಗಳು, ನೀವು ಅವನ ಮೇಲೆ ದಂಗೆಯೆದ್ದವರು, ನಿಜ. ಆದ್ರೆ ನಮ್ಮಪ್ಪನೂ ನಿಮ್ಮ ಕಡೆಯಿಂದಲೇ ಬಂದವನು. ಈ ಊರಿನ ಅರ್ಧ ಜನಕ್ಕೆ ಅಣ್ಣ ತಮ್ಮಂದಿರು ನಿಮ್ಮ ಕಡೆ ಇದ್ದಾರೆ. ಹ್ಯಾಲಿಫ್ಯಾಕ್ಸಿನ ರಾಜನ ಸೆರೆಮನೆಯಿಂದ ತಪ್ಪಿಸಿಕೊಂಡು, ಕಾಡು ದಾಟಿ ಬರೋ ನಿಮ್ಮವರಿಗೆ ಬಟಾಣಿ ಸಾರು ಹಾಕಿ, ಒಣ ಕಾಲುಚೀಲ ಕೊಟ್ಟು, ದೋಣಿ ಹತ್ತಿಸಿ ಊರಿಗೆ ಕಳಿಸೋರು ನಾವೇ. ಅಂಥ ಒಬ್ಬನ ಅಂಗಿಯ ಒಳಗೆ ಇದನ್ನ ಹೊಲಿದು ಕಳಿಸ್ತಿದ್ದೀನಿ.

ನನ್ನದು ಒಂದೇ ಪ್ರಶ್ನೆ. ಸೈಲಸ್‌ನ ಎಲ್ಲಿ ಬಿಟ್ಟಿರಿ? ಸೆರೆಯಲ್ಲಿದ್ದರೆ ಯಾವ ಊರಿನ ಸೆರೆ? ಊರವರು ಪ್ರಾರ್ಥನೆಗೆ ಸೇರೋ ಸಭಾಮನೆಯ ಹಿರಿಯರು ಕ್ರೋವೆಲ್ ಅಂತ, ಆಗಲೇ ಪುಸ್ತಕ ಕಂಕುಳಲ್ಲಿ ಇಟ್ಕೊಂಡು ಬಂದಿದ್ರು. ಸಮುದ್ರದಲ್ಲಿ ಹೋದವರ ಹೆಸರು ಬರೆಯೋಕೆ ಅದರಲ್ಲಿ ಬೇರೆ ಪುಟ ಇದೆ. ಹೆಣ ಸಿಗದವರಿಗೆ ಇಲ್ಲಿ ಆ ಸಾಲೇ ಸಮಾಧಿ. “ಬರೆದುಬಿಡೋಣವೇನಮ್ಮಾ?” ಅಂದ್ರು. “ಕಣ್ಣಾರೆ ಕಂಡವರು ಬಂದು ಹೇಳೋ ತನಕ ಬರೀಬೇಡಿ” ಅಂತ ವಾಪಸ್ ಕಳಿಸಿದೆ.

ಕಂಡವರು ನೀವು. ಹೇಳಿ.

ಮೆಹಿಟಬಲ್ ನಿಕರ್ಸನ್


ಮಾರ್ಬಲ್‌ಹೆಡ್
3 ಏಪ್ರಿಲ್ 1780

ಮಾನ್ಯ ನಿಕರ್ಸನ್ ಅಮ್ಮನವರಿಗೆ,

ತಮ್ಮ ಪತ್ರ ತಲುಪಿತು. ತಂದವನ ಬೆವರಿಗೆ ಅರ್ಧ ಅಳಿಸಿತ್ತು. ಆದರೂ ಓದಿದೆ. ತಾವು ಒಲೆಗೆ ಹಾಕಿದ ಎರಡು ಪತ್ರಗಳಲ್ಲಿ ಏನಿತ್ತೆಂದು ನಾನು ಊಹಿಸಬಲ್ಲೆ. ಅಮ್ಮಾ, ನಾನು ಕಡಲ್ಗಳ್ಳನಲ್ಲ. ಶತ್ರುವಿನ ಹಡಗು ಹಿಡಿಯಲು ನಮ್ಮ ಅಮೆರಿಕದ ಕಾಂಗ್ರೆಸ್ಸಿನವರು ಮೊಹರು ಒತ್ತಿ ಕೊಟ್ಟ ಸನದು ನನ್ನ ಬಳಿ ಇದೆ. ಹಿಡಿದದ್ದನ್ನು ನ್ಯಾಯಾಲಯದ ಮುಂದೆ ತರಬೇಕು, ಸೆರೆಸಿಕ್ಕವರನ್ನು ಹಿಂಸಿಸಬಾರದು ಎಂದು ಅದರಲ್ಲಿದೆ. ನಾನು ಅದರಂತೆಯೇ ನಡೆದವನು.

ನಮ್ಮ ಕಸುಬಿನ ಒಂದು ಕಷ್ಟ ತಮಗೆ ತಿಳಿದಿರಲಿ. ಹಿಡಿದ ಪ್ರತಿ ಹಡಗಿಗೂ ನನ್ನವರಲ್ಲೇ ಆರೇಳು ಮಂದಿಯನ್ನು ಹತ್ತಿಸಿ ಊರಿಗೆ ಕಳಿಸಬೇಕು. ಹಾಗಾಗಿ ಗೆದ್ದಷ್ಟೂ ನನ್ನ ಹಡಗು ಬರಿದಾಗುತ್ತದೆ. ಸ್ಪೀಡ್‌ವೆಲ್ ಸಿಕ್ಕಿದಾಗ ಅದನ್ನು ಕಳಿಸಿಕೊಟ್ಟ ಮೇಲೆ ನನ್ನ ಬಳಿ ಉಳಿದವರು ಹನ್ನೊಂದೇ ಮಂದಿ. ಸೆರೆಯಾಳುಗಳನ್ನು ಕಾಯಲು ಜನವಿರಲಿಲ್ಲ. ಇಂಥಲ್ಲಿ ನಾವೆಲ್ಲರೂ ಮಾಡುವಂತೆ, ಅವರನ್ನು ಅವರದೇ ದೋಣಿಯಲ್ಲಿ ಕೂರಿಸಿ, ಬ್ರೆಡ್ಡು, ನೀರು, ದಿಕ್ಸೂಚಿ ಕೊಟ್ಟು ಬಿಟ್ಟೆ. ದಡ ಮೂರು ಹರದಾರಿ ದೂರವಿತ್ತು. ನೀರು ಶಾಂತವಾಗಿತ್ತು. ತಮ್ಮ ಪತಿ ಅವರ ಸಾಮಾನೆಲ್ಲ ತೆಗೆದುಕೊಂಡು ಇಳಿದರು. ದೋಣಿ ದೂರವಾಗುವಾಗ ಕೈ ಬೀಸಿದರು.

ದಾರಿಯಲ್ಲಿ ಬೇರೆ ಯಾವ ಹಡಗಾದರೂ ಅವರನ್ನು ಹತ್ತಿಸಿಕೊಂಡಿರಬಹುದು. ಅಂಥವರು ವರ್ಷ ಕಳೆದ ಮೇಲೆ ಲಿಸ್ಬನ್ನಿನಿಂದ ಮನೆಗೆ ಬಂದದ್ದುಂಟು. ಪುಸ್ತಕದಲ್ಲಿ ಹೆಸರು ಬರೆಸಬೇಡಿ.

ಇನ್ನೇನಾದರೂ ಕೇಳುವುದಿದ್ದರೆ ದಯವಿಟ್ಟು ಬರೆಯಿರಿ. ನನಗೆ ಪತ್ರ ಬರೆಯುವವರು ಹೆಚ್ಚು ಮಂದಿ ಇಲ್ಲ.

ಓಬೆಡ್ ಟ್ರಾಸ್ಕ್


ಬ್ಯಾರಿಂಗ್ಟನ್
20 ಮೇ 1780

ಟ್ರಾಸ್ಕ್ ಅವರೇ,

ಸೈಲಸ್ ಕೈ ಬೀಸಿದ ಅಂತ ಬರೆದಿದ್ದೀರಿ. ಮದುವೆಯಾಗಿ ಹದಿನಾಲ್ಕು ವರ್ಷ, ನನಗೇ ಒಂದು ದಿನ ಕೈ ಬೀಸಿದವನಲ್ಲ ಅವನು. ಹಡಗು ಹತ್ತಿದ ಮೇಲೆ ತಿರುಗಿ ನೋಡಿದ್ರೆ ಇಳಿದು ಬಂದುಬಿಡ್ತೀನಿ ಅಂತಿದ್ದ, ಅದಕ್ಕೇ ನೋಡ್ತಾನೇ ಇರಲಿಲ್ಲ. ತನ್ನ ಹಡಗು ಕಿತ್ಕೊಂಡವರಿಗೆ ಕೈ ಬೀಸಿದನಾ? ಇರಲಿ. ಹೆದರಿದ ಮನುಷ್ಯ ಏನು ಬೇಕಾದ್ರೂ ಮಾಡ್ತಾನೆ.

ಮೂರು ಹರದಾರಿ ಅಂದ್ರೆ ಇಲ್ಲಿ ಹೆಂಗಸರೇ ಹುಟ್ಟು ಹಾಕ್ಕೊಂಡು ಹೋಗಿ ಬರ್ತಾರೆ. ದಡದುದ್ದಕ್ಕೂ ಕೇಳಿಸಿದೆ. ಒಂದು ಹಲಗೆ ಚೂರೂ ಯಾರಿಗೂ ಸಿಕ್ಕಿಲ್ಲ. ನಿಮ್ಮ ಕಾಗದದಲ್ಲಿದ್ದದ್ದನ್ನ ಸಭಾಮನೆಯಲ್ಲಿ ಹೇಳಿದೆ. ಹೊರಗೆ ಬರುವಾಗ ಯಾರೋ ಅಂದದ್ದು ಕಿವಿಗೆ ಬಿತ್ತು, “ಮೂರು ಹರದಾರಿ ದಾಟೋಕಾಗದೆ ಹೋದನಾ ನಿಕರ್ಸನ್? ಕುಡಿದಿದ್ದನೇನೋ.”

ಅವತ್ತು ಏನು ಹಾಕ್ಕೊಂಡಿದ್ದ? ಏನಾದ್ರೂ ತಿಂದಿದ್ದನಾ? ಏನು ಮಾತಾಡಿದ? ಎಲ್ಲ ಬರೀರಿ, ಕಾಗದ ಉಳಿಸೋಕೆ ಹೋಗಬೇಡಿ. ಇಲ್ಲಿ ಅವನ ಹೆಸರೇ ಯಾರೂ ಎತ್ತಲ್ಲ. ನಾನು ಹತ್ತಿರ ಹೋದ ಕೂಡಲೇ ಆಲೂಗಡ್ಡೆ ವಿಷಯಕ್ಕೆ ಹಾರಿಬಿಡ್ತಾರೆ. ಈ ಆಲೂಗಡ್ಡೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ಸೈಲಸ್ ಬಗ್ಗೆ ನನ್ನ ಹತ್ತಿರ ಮಾತಾಡೋರು ಅಂದ್ರೆ ಈಗ ನೀವೊಬ್ಬರೇ. ನನ್ನ ಹಣೆಬರಹ ನೋಡಿ.

ಮೆಹಿಟಬಲ್ ನಿಕರ್ಸನ್


ಸಮುದ್ರದ ಮೇಲೆ, ‘ಪೋರ್ಪಸ್’ ಹಡಗಿನಿಂದ
6 ಸೆಪ್ಟೆಂಬರ್ 1780

ನಿಕರ್ಸನ್ ಅಮ್ಮನವರಿಗೆ,

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ. ಆಲೂಗಡ್ಡೆಯ ಮಾತಿಗೆ ಒಬ್ಬನೇ ಕೂತು ನಕ್ಕೆ. ಬಾಗಿಲ ಹೊರಗಿದ್ದ ಅಡುಗೆಯವನು ಇಣುಕಿ ನೋಡಿ ಹೋದ. ಕ್ಯಾಪ್ಟನ್ ನಕ್ಕದ್ದು ಅವನಿಗೆ ಹೊಸದು.

ಅವರು ನೀಲಿ ಉಣ್ಣೆ ಟೋಪಿ ಹಾಕಿದ್ದರು. ಅದರ ಒಂದು ಅಂಚಿಗೆ ಬೇರೆ ಬಣ್ಣದ ನೂಲಿನ ತೇಪೆ ಇತ್ತು. ನನ್ನ ಬ್ರೆಡ್ಡನ್ನು ಹಲಗೆಗೆ ಕುಟ್ಟಿ ನೋಡಿ, “ಹಡಗಿಗೆ ತೂತು ಬಿದ್ದರೆ ಇದನ್ನೇ ಬಡಿಯಬಹುದು” ಎಂದರು. ನನ್ನವರೂ ನಕ್ಕರು. ಕೂತು ಮಾತಾಡಬೇಕು ಅನ್ನಿಸುವಂಥ ಮನುಷ್ಯ.

ನನ್ನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಂಬತ್ತನೇ ವಯಸ್ಸಿಗೆ ಅಪ್ಪನ ಜೊತೆ ಮೀನಿಗೆ ಹೋದವನು ನಾನು. ಯುದ್ಧ ಬಂತು, ರಾಜನ ಹಡಗುಗಳು ಮೀನಿನ ಜಾಗವೆಲ್ಲ ಮುಚ್ಚಿಸಿದವು. ನಮ್ಮೂರಿನ ಗಂಡಸರೆಲ್ಲ ಗಾಳ ಬಿಟ್ಟು ಬಂದೂಕು ಹಿಡಿದರು. ನಾನು ಮೂರು ವರ್ಷದಲ್ಲಿ ಹದಿನೇಳು ಹಡಗು ಹಿಡಿದೆ. ಊರಿಗೆ ಹೋದರೆ ಪಟಾಕಿ ಹಾರಿಸುತ್ತಾರೆ. ಆಮೇಲೆ ಎಲ್ಲರೂ ಅವರವರ ಮನೆಗೆ ಹೋಗುತ್ತಾರೆ. ನನ್ನ ಹೆಂಡತಿ ಪೇಷೆನ್ಸ್ ಸಿಡುಬಿನಲ್ಲಿ ಹೋದಾಗ ನಾನು ಸಮುದ್ರದಲ್ಲಿದ್ದೆ. ಬರುವಷ್ಟರಲ್ಲಿ ನೆರೆಯವರು ಅವಳ ಬಟ್ಟೆ ಸುಟ್ಟು, ಮನೆಯನ್ನೆಲ್ಲ ವಿನಿಗರ್ ಹಾಕಿ ತೊಳೆದಿದ್ದರು. ಪಾಪ, ಒಳ್ಳೆಯದಕ್ಕೇ ಮಾಡಿದರು. ನನಗೆ ಅವಳದೊಂದು ಬಾಚಣಿಗೆಯೂ ಉಳಿಯಲಿಲ್ಲ.

ಅಲ್ಲಿ ಚಳಿ ಶುರುವಾಗಿರಬೇಕು. ಗೌರ್ನರ್ ಸಾಹೇಬರು ಈ ವರ್ಷವೂ ಒಳಗೇ ಹೊಗೆ ಬಿಡುತ್ತಿದ್ದಾರೋ, ಇಲ್ಲ ರಿಪೇರಿ ಮಾಡಿಸಿದಿರೋ? ಹುಷಾರಾಗಿರಿ.

ಓಬೆಡ್ ಟ್ರಾಸ್ಕ್


ಬ್ಯಾರಿಂಗ್ಟನ್
30 ಅಕ್ಟೋಬರ್ 1780

ಟ್ರಾಸ್ಕ್ ಅವರಿಗೆ,

ನಿಮ್ಮ ಕಾಗದ ತಲುಪಿತು. ಟೋಪಿಗೆ ತೇಪೆ ಹಾಕಿದ್ದು ನಾನೇ. ಗೌರ್ನರ್ ಸಾಹೇಬರು ಇದ್ದ ಹಾಗೇ ಇದ್ದಾರೆ.

ದೋಣಿಗೆ ಇಳಿಯುವಾಗ ಸೈಲಸ್ ತನ್ನ ಪೆಟ್ಟಿಗೆ ತಗೊಂಡಿದ್ದನಾ? ಪೆಟ್ಟಿಗೆಯೊಳಗೆ ಇದ್ದದ್ದೆಲ್ಲ ತಗೊಂಡಿದ್ದನಾ? ಇಷ್ಟು ತಿಳಿಸಿದರೆ ಸಾಕು.

ಮೆ. ನಿಕರ್ಸನ್


ಮಾರ್ಬಲ್‌ಹೆಡ್
18 ಮಾರ್ಚ್ 1781

ಮೆಹಿಟಬಲ್ ಅವರೇ,

ಇಷ್ಟೇ ಇಷ್ಟು ಕಾಗದ? ಆರು ತಿಂಗಳು ಕಾದು ಕೂತವನಿಗೆ ಐದು ಸಾಲು! ಮೈಗೆ ಹುಷಾರಿರಲಿಲ್ಲವೇ? ಹೌದು, ಪೆಟ್ಟಿಗೆ ತೆಗೆದುಕೊಂಡರು. ಒಳಗಿದ್ದದ್ದೆಲ್ಲ ಇತ್ತು. ಅದರ ಬಗ್ಗೆ ಚಿಂತೆ ಬಿಡಿ.

ಈ ಸಲದ ಪ್ರಯಾಣದಲ್ಲಿ ನಾಲ್ಕು ಹಡಗು ಸಿಕ್ಕವು. ನಾಲ್ಕಕ್ಕೂ ಜನ ಕೊಟ್ಟು ಕಳಿಸಿದೆ. ಕೊನೆಗೆ ನನ್ನ ಸಹಾಯಕನನ್ನೂ ಕಳಿಸಬೇಕಾಯಿತು, ನನ್ನ ಜೊತೆ ಒಂದು ಮಾತಾಡುತ್ತಿದ್ದವನು ಅವನೊಬ್ಬನೇ. ಕೆಳಗಿನವರು ಕ್ಯಾಪ್ಟನ್ ಜೊತೆ ಕೂತು ಉಣ್ಣುವ ರೂಢಿ ನಮ್ಮಲ್ಲಿಲ್ಲ. ಕೆಳಗೆ ಅವರು ಹಾಡುವುದು ಕೇಳಿಸುತ್ತದೆ, ನಾನು ಮೆಟ್ಟಿಲಿಳಿದರೆ ನಿಲ್ಲಿಸುತ್ತಾರೆ. ಅದಕ್ಕೆ ಇಳಿಯುವುದನ್ನೇ ಬಿಟ್ಟೆ. ನಿಮಗೆ ಬರೆಯಬೇಕಾದ್ದನ್ನು ಮನಸ್ಸಿನಲ್ಲೇ ಬರೆಯುತ್ತಾ ಓಡಾಡುತ್ತೇನೆ. ನೀವು ಏನೆನ್ನುತ್ತೀರಿ ಅಂತಲೂ ನಾನೇ ಹೇಳಿಕೊಳ್ಳುತ್ತೇನೆ. ಹೆಚ್ಚಾಗಿ ಬೈಯುತ್ತೀರಿ.

ಒಂದು ಮಾತು ಕೇಳಲೇ? ತಪ್ಪು ತಿಳಿಯಬೇಡಿ. ಈ ಯುದ್ಧ ಒಂದು ದಿನ ಮುಗಿಯಲೇಬೇಕು. ಮುಗಿದ ಮೇಲೆ ಒಮ್ಮೆ ಬ್ಯಾರಿಂಗ್ಟನ್ನಿಗೆ ಬಂದು ನಿಮ್ಮನ್ನು ನೋಡಿ ಹೋಗಬಹುದೇ?

ಓಬೆಡ್


ಬ್ಯಾರಿಂಗ್ಟನ್
9 ಜೂನ್ 1781

ಕ್ಯಾಪ್ಟನ್ ಟ್ರಾಸ್ಕ್,

ನಮ್ಮನೆ ಹೊಗೆಗೂಡಿಗೆ ‘ಗೌರ್ನರ್ ಸಾಹೇಬರು’ ಅಂತ ಹೆಸರಿಟ್ಟವಳು ನಾನು. ಕೆಲಸ ಮಾಡಲ್ಲ, ಬರೀ ಹೊಗೆ ಬಿಡ್ತಾರೆ ಅಂತ. ಅದನ್ನ ಸೈಲಸ್‌ಗೆ ಬರೆದ ಕಾಗದದಲ್ಲಿ ಬರೆದಿದ್ದೆ, ಅವನು ನಗಲಿ ಅಂತ. ಇನ್ನೊಂದು ನರಪಿಳ್ಳೆಗೆ ಹೇಳಿದ್ದಿಲ್ಲ. ನಿಮಗೂ ಬರೆದಿಲ್ಲ, ಬೇಕಾದ್ರೆ ನನ್ನ ಕಾಗದ ತೆಗೆದು ನೋಡ್ಕೊಳ್ಳಿ.

ನಾನು ಬರೆದದ್ದನ್ನೆಲ್ಲ ಅವನು ಎಣ್ಣೆಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಡ್ತಿದ್ದ. ಬಟ್ಟೆ ಬಿಟ್ಟು ಹೋದಾನು, ಬೂಟು ಬಿಟ್ಟು ಹೋದಾನು, ಅದನ್ನ ಬಿಟ್ಟು ಹೋಗೋನಲ್ಲ. ಆ ಕಟ್ಟು ನಿಮ್ಮ ಹತ್ತಿರ ಇದೆ ಅಂದ್ರೆ ಅವನು ಕೇಳಿದ್ದಾನೆ, ನೀವು ಕೊಟ್ಟಿಲ್ಲ. ಹಾಗಾದ್ರೆ ಕೈ ಬೀಸಿದ್ದು? ಮೂರು ಹರದಾರಿ? ಶಾಂತ ನೀರು? ಇದರಲ್ಲಿ ನಿಜ ಯಾವುದು ಸ್ವಾಮಿ? ಬ್ರೆಡ್ಡು ಕುಟ್ಟಿದ್ದೊಂದು ನಿಜ ಇರಬೇಕು, ಅದು ಅವನದೇ ಮಾತು.

ಗೊತ್ತಾಗಿದ್ದು ಹೋದ ಅಕ್ಟೋಬರಿನಲ್ಲೇ. ಒಂದು ಅವಕಾಶ ಕೊಟ್ಟು ಕೇಳಿದೆ, ಆಗಲೂ ಸುಳ್ಳು ಹೇಳಿದ್ರಿ. ಅಕ್ಟೋಬರಿನಲ್ಲೇ ಯಾಕೆ ಮುಖಕ್ಕೆ ಹೊಡೆದ ಹಾಗೆ ಹೇಳಲಿಲ್ಲ ಅಂತೀರಾ? ಹೇಳಿಬಿಟ್ರೆ ನೀವು ಬರೆಯೋದು ನಿಲ್ಲಿಸ್ತೀರಿ ಅಂತ ಭಯ ಆಯ್ತು ನನಗೆ. ಥೂ, ನನ್ನ ಮೇಲೇ ನನಗೆ ಹೇಸಿಗೆ.

ಇಂಥದ್ದರಲ್ಲಿ ಮನೆಗೆ ಬರಲೇ ಅಂತ ಬೇರೆ ಕೇಳ್ತೀರಿ. ನಾಚಿಕೆ ಆಗಲ್ವಾ? ನಿಜ ಬರೆಯೋದಾದ್ರೆ ಬರೀರಿ. ಇಲ್ಲಾಂದ್ರೆ ಪೆನ್ನು ಮುಟ್ಟಬೇಡಿ.

ಮೆಹಿಟಬಲ್ ನಿಕರ್ಸನ್, ಸೈಲಸ್‌ನ ಹೆಂಡತಿ


ಹ್ಯಾಲಿಫ್ಯಾಕ್ಸ್ ಸೆರೆಮನೆ
14 ಅಕ್ಟೋಬರ್ 1782

ಮೆಹಿಟಬಲ್ ಅವರೇ,

ಹದಿನಾರು ತಿಂಗಳು ಪೆನ್ನು ಮುಟ್ಟಲಿಲ್ಲ. ಆಗಸ್ಟಿನಲ್ಲಿ ರಾಜನ ಯುದ್ಧದ ಹಡಗೊಂದು ನನ್ನ ಬೆನ್ನು ಹತ್ತಿತು. ನನ್ನ ಬಳಿ ಏಳು ಜನ ಉಳಿದಿದ್ದರು. ಫಿರಂಗಿ ತಿರುಗಿಸೋಕೂ ಕೈ ಸಾಲಲಿಲ್ಲ. ಬಾವುಟ ಇಳಿಸಿದೆ. ನನ್ನ ಸಾಹಸ ಅಲ್ಲಿಗೆ ಮುಗೀತು.

ಈಗ ನಿಜ. ಅವತ್ತಿಗೆ ನಾಲ್ಕು ದಿನದಿಂದ ಮಂಜು. ಸೂರ್ಯನ ಮುಖ ಕಂಡಿರಲಿಲ್ಲ. ದಡ ಮೂರು ಹರದಾರಿ ಅನ್ನೋದು ನನ್ನ ಅಂದಾಜು. ಸೈಲಸ್ ಅಂದರು, “ಕ್ಯಾಪ್ಟನ್ನರೇ, ಇದು ನಿಮ್ಮ ಮಾರ್ಬಲ್‌ಹೆಡ್ ಅಲ್ಲ. ಇಲ್ಲಿಯ ಇಳಿತ ಗೊತ್ತಾಗದ ಹಾಗೆ ಹಡಗನ್ನ ಎಳ್ಕೊಂಡು ಹೋಗುತ್ತೆ. ನಾವು ಹದಿನೈದು ಹರದಾರಿ ಆಚೆ ಇದ್ದೀವಿ. ಒಂದೇ ಒಂದು ಸಲ ಸೀಸದ ಗುಂಡು ಇಳಿಬಿಟ್ಟು ಆಳ ನೋಡಿ. ನನ್ನ ಮಾತು ಸುಳ್ಳಾದ್ರೆ ನಾನೇ ಮೊದಲು ದೋಣಿಗೆ ಹಾರ್ತೀನಿ.”

ನನ್ನವರು ಹನ್ನೊಂದು ಜನ ಸುತ್ತ ನಿಂತು ನೋಡ್ತಿದ್ದರು. ಗುಂಡು ಇಳಿಬಿಡೋಕೆ ಎಷ್ಟು ಹೊತ್ತು? ಒಂದು ಚಿಲುಮೆ ಸೇದುವಷ್ಟು. ಆದರೆ ಸೆರೆಯಾಳಿನ ಮಾತಿಗೆ ತಲೆಯಾಡಿಸಿದ ಅಂತ ಅನ್ನಿಸ್ಕೊಳ್ಳೋಕೆ ನನಗೆ ಮನಸ್ಸಾಗಲಿಲ್ಲ. “ದಾರಿ ಹೇಳೋಕೆ ಇದು ನಿನ್ನ ಹಡಗಲ್ಲ, ಇಳಿ” ಅಂದೆ.

ಕಾಗದದ ಕಟ್ಟನ್ನು ಕೇಳಿದರು. ಎರಡು ಸಲ ಕೇಳಿದರು. ಹಡಗಿನಲ್ಲಿ ಸಿಕ್ಕ ಪ್ರತಿ ಕಾಗದವನ್ನೂ ನ್ಯಾಯಾಲಯಕ್ಕೆ ಒಪ್ಪಿಸ್ತೀನಿ ಅಂತ ಆಣೆ ಮಾಡಿದ್ದೀನಿ, ಕೊಡೋಕಾಗಲ್ಲ ಅಂದೆ. ಆಮೇಲೆ ಒಪ್ಪಿಸೋ ಮುಂಚೆ ಒಂದನ್ನು ಬಿಚ್ಚಿ ಓದಿದೆ. ಒಪ್ಪಿಸೋಕೆ ಮನಸ್ಸು ಬರಲಿಲ್ಲ. ಅಷ್ಟು ಪ್ರೀತಿಯಿಂದ ಬೈದು ಬರೆದ ಕಾಗದ ನನ್ನ ಜನ್ಮದಲ್ಲಿ ನನಗೆ ಬಂದಿರಲಿಲ್ಲ. ಕೋರ್ಟಿನಲ್ಲಿ ಬೈಬಲ್ ಮೇಲೆ ಕೈ ಇಟ್ಟು ಎಲ್ಲ ಕೊಟ್ಟಿದ್ದೀನಿ ಅಂದೆ.

ಅವರು ಕೈ ಬೀಸಲಿಲ್ಲ. ತಿರುಗಿಯೂ ನೋಡಲಿಲ್ಲ. ಮಂಜಿನಲ್ಲಿ ಹುಟ್ಟಿನ ಸದ್ದು ಸ್ವಲ್ಪ ಹೊತ್ತು ಕೇಳಿಸ್ತಿತ್ತು.

ಮಧ್ಯಾಹ್ನ ಯಾರೂ ನೋಡದಾಗ ಗುಂಡು ಇಳಿಬಿಟ್ಟೆ. ಮೂರು ಹರದಾರಿಯಲ್ಲಿ ದಡ ಇದ್ದಿದ್ದರೆ ಮೂವತ್ತು ಮಾರಿಗೆ ತಳ ಸಿಗಬೇಕಿತ್ತು. ಎಂಬತ್ತು ಮಾರು ಹೋಯಿತು. ಆಗಲೇ ಹಡಗು ತಿರುಗಿಸಿ ಹುಡುಕಿದ್ದರೆ ಸಿಗ್ತಿದ್ದರು. ತಿರುಗಿಸಿದ್ರೆ ಯಾಕೆ ಅಂತ ನನ್ನವರಿಗೆ ಹೇಳಬೇಕಿತ್ತು. ತಿರುಗಿಸಲಿಲ್ಲ. ಸಂಜೆಗೆ ದಡದ ಕಡೆಯಿಂದ ಬಿರುಗಾಳಿ ಎದ್ದಿತು. ಅಂಥ ಗಾಳಿಗೆ ಎದುರಾಗಿ ಹುಟ್ಟು ಹಾಕೋಕೆ ಐದು ಜನಕ್ಕೆ ಸಾಧ್ಯವಿಲ್ಲ.

ಪುಸ್ತಕದಲ್ಲಿ ಹೆಸರು ಬರೆಸಿಬಿಡಿ. ನನ್ನನ್ನು ಕ್ಷಮಿಸಿ ಅಂತ ಕೇಳೋ ಮುಖ ನನಗಿಲ್ಲ.

ಓಬೆಡ್ ಟ್ರಾಸ್ಕ್


ಬ್ಯಾರಿಂಗ್ಟನ್
25 ನವೆಂಬರ್ 1782

ಟ್ರಾಸ್ಕ್ ಅವರೇ,

ಓದಿದೆ. ಓದಿ ಮುಗಿಸಿ, ಹಿತ್ತಲಲ್ಲಿದ್ದ ಮೀನನ್ನೆಲ್ಲ ಕೂತು ಸೀಳಿದೆ. ನೆರೆಮನೆಯವಳು ಬಂದು ನನ್ನ ಕೈಯಿಂದ ಚಾಕು ಕಿತ್ಕೊಂಡಳು. ಆಮೇಲೆ ಅತ್ತೆ. ಮೂರು ವರ್ಷದ್ದೂ ಒಟ್ಟಿಗೇ ಅತ್ತೆ.

ಬರೆಸಿಬಿಡಿ ಅಂತೀರಿ. ಅಷ್ಟು ಸುಲಭಕ್ಕೆ ಕೈ ತೊಳ್ಕೋಬೇಡಿ. ನಿಮ್ಮ ಮೂರು ಹರದಾರಿಯನ್ನ ನಾನೇ ಊರಿಗೆಲ್ಲ ಹೇಳಿದ್ದೆ. ಈಗ ಸೈಲಸ್ ಅಂದ್ರೆ ಇಲ್ಲಿ ಮೂರು ಹರದಾರಿ ದಾಟಲಾರದ ನಾವಿಕ. ಕುಡಿದಿದ್ದ ಅಂತಲೂ ಆಗಿದೆ. ಸತ್ತವನ ಮರ್ಯಾದೆನೂ ಹೋಯ್ತು, ನಿಮ್ಮಿಂದ, ನನ್ನ ಬಾಯಿಂದ.

ಅವನು ಹದಿನೈದು ಅಂತ ಸರಿಯಾಗಿ ಹೇಳಿದ್ದ ಅನ್ನೋದನ್ನ, ಬಿಡುಗಡೆಯಾದ ಮೇಲೆ, ನೀವು ಇಲ್ಲಿ ಬಂದು ಹೇಳಬೇಕು. ಕಾಗದ ಓದಿದ್ರೆ ಹೆಂಡತಿ ಬರೆಸ್ಕೊಂಡಿದ್ದಾಳೆ ಅಂತಾರೆ. ಸಭಾಮನೆಯಲ್ಲಿ ಎದ್ದು ನಿಂತು, ನಿಮ್ಮ ಬಾಯಲ್ಲೇ ಹೇಳಿ. ಆಮೇಲೆ ಹೆಸರು ಬರೆಸ್ತೀನಿ.

ಹೆದರಬೇಡಿ, ಯಾರೂ ನಿಮ್ಮ ಮೈ ಮುಟ್ಟದ ಹಾಗೆ ನೋಡ್ಕೊಳ್ತೀನಿ. ಎಲ್ಲರಿಗೂ ಕೊಡೋ ಸಾರು ನಿಮಗೂ ಕೊಡ್ತೀನಿ. ದೋಣಿಗೂ ಹತ್ತಿಸ್ತೀನಿ. ಅಲ್ಲೀ ತನಕ ಆ ಸೆರೆಮನೆಯಲ್ಲಿ ಜ್ವರ ಗಿರ ಅಂತ ಸಾಯಬೇಡಿ. ಅವನ ಕೊನೇ ಮಾತು ಕೇಳಿದ ಕಿವಿ ನನಗೆ ಸಿಕ್ಕಿರೋದು ನಿಮ್ಮದೊಂದೇ.

ಮೆಹಿಟಬಲ್


ಬ್ಯಾರಿಂಗ್ಟನ್
22 ಜೂನ್ 1783

ಟ್ರಾಸ್ಕ್ ಅವರೇ,

ಚಳಿಗಾಲ ಪೂರ್ತಿ ಕಾದೆ, ನಿಮ್ಮಿಂದ ಒಂದು ಸಾಲೂ ಬರಲಿಲ್ಲ. ಯುದ್ಧ ಮುಗಿದ ಸುದ್ದಿ ಬಂತು. ಬಿಡುಗಡೆಯಾದವರನ್ನ ಬಾಸ್ಟನ್ನಿಗೆ ಕರ್ಕೊಂಡು ಹೋಗೋ ಹಡಗು ಹೋದ ಮಂಗಳವಾರ ನೀರು ತುಂಬಿಸ್ಕೊಳ್ಳೋಕೆ ನಮ್ಮ ಬಂದರಿನಲ್ಲಿ ನಿಂತಿತ್ತು. ಪೀಪಾಯಿ ತಂದವನು ಹೇಳಿದ, ಟ್ರಾಸ್ಕ್ ಅನ್ನೋರು ಒಳಗಿದ್ದಾರೆ, ಹಿಂಭಾಗದಲ್ಲಿ ದಡಕ್ಕೆ ಬೆನ್ನು ಹಾಕಿ ಕೂತಿದ್ದಾರಲ್ಲ, ಅವರೇ ಅಂತ.

ಊರವರನ್ನೆಲ್ಲ ಕರೆಸಿದೆ. ಕ್ರೋವೆಲ್ ಎಂಬತ್ತು ವರ್ಷದ ಮುದುಕರು, ಪುಸ್ತಕ, ಶಾಯಿ ಹಿಡ್ಕೊಂಡು ಏದುಸಿರು ಬಿಡ್ತಾ ಓಡಿ ಬಂದ್ರು. “ಸಾರು ಒಲೆ ಮೇಲಿದೆ, ಬರಬೇಕಂತೆ ಅಂತ ಹೇಳಪ್ಪಾ” ಅಂತ ಪೀಪಾಯಿಯವನ ಕೈಲಿ ಹೇಳಿ ಕಳಿಸಿದೆ. ಬೆಳಿಗ್ಗೆಯೆಲ್ಲ ದಡದಲ್ಲೇ ನಿಂತಿದ್ವಿ. “ಬರ್ತಾರೆ ಕಣಮ್ಮಾ, ಸೆರೆಮನೆಯಲ್ಲಿದ್ದೋರು, ಕಾಲು ಸೋತಿರಬೇಕು” ಅಂತ ಕ್ರೋವೆಲ್ಲೇ ನನಗೆ ಸಮಾಧಾನ ಹೇಳಿದ್ರು. ಕೊನೇ ದೋಣಿಯಲ್ಲಿ ಆ ಎಣ್ಣೆಬಟ್ಟೆಯ ಕಟ್ಟೊಂದೇ ಬಂತು. ಲಂಗರು ಎತ್ತಿದ್ರು. ನೀವು ತಿರುಗಲೇ ಇಲ್ಲ.

ಹೇಡಿ. ಇನ್ನೇನು ಹೇಳಲಿ.

ನನ್ನ ಕಾಗದ ಹದಿನಾಲ್ಕೂ ಇವೆ. ಮಡಿಕೆಗಳೆಲ್ಲ ಸವೆದು ಹರಿದಿವೆ. ಸೈಲಸ್ ಒಂದು ಸಲ ಓದಿ ಸುತ್ತಿ ಇಡೋನು. ಇದೆಲ್ಲ ನಿಮ್ಮ ಕೈ ಸವೆಸಿದ್ದು.

ಅವತ್ತೇ ಸಭಾಮನೆಯಲ್ಲಿ ನಾನೇ ಎದ್ದು ನಿಂತು ಹೇಳಿದೆ. ಇಳಿತ, ಗುಂಡು, ಹದಿನೈದು ಹರದಾರಿ, ಎಂಬತ್ತು ಮಾರು, ಎಲ್ಲ. ನಂಬಿದೋರು ನಂಬಿದ್ರು. ನೀವು ದಡಕ್ಕೆ ಬೆನ್ನು ಹಾಕಿ ಕೂತದ್ದನ್ನ ಎಲ್ಲರೂ ನೋಡಿದ್ರಲ್ಲ, ಅದರಿಂದಲೇ ಬಹಳ ಜನ ನಂಬಿದ್ರು ಅಂತ ಕಾಣುತ್ತೆ. ಕ್ರೋವೆಲ್ ಹೆಸರು ಬರೆದು, “ಇನ್ನೇನಾದ್ರೂ ಸೇರಿಸಬೇಕೇನಮ್ಮಾ?” ಅಂದ್ರು. “ದಾರಿ ಗೊತ್ತಿದ್ದವನು ಅಂತ ಸೇರಿಸಿ” ಅಂದೆ. ಸೇರಿಸಿದ್ರು.

ಈಗ ಎಲ್ಲರೂ ನನ್ನ ಹತ್ತಿರ ಸೈಲಸ್ ಬಗ್ಗೆ ಮಾತಾಡ್ತಾರೆ. ಆದ್ರೂ ಮನೆಗೆ ಬಂದರೆ ಬಣ ಬಣ ಅನ್ನುತ್ತೆ. ಕಾಡಿನ ದಾರಿಯಲ್ಲಿ ಯಾರಾದ್ರೂ ಬಂದ್ರೆ ನನ್ನ ಕಣ್ಣು ಮೊದಲು ಅವರ ಅಂಗಿ ಕಡೆ ಹೋಗುತ್ತೆ. ನೀವು ಅವನನ್ನ ದೋಣಿಗೆ ಇಳಿಸಿದ್ದನ್ನ ಮುದುಕಿಯಾದ ಮೇಲೆ ಯಾವತ್ತಾದ್ರೂ ಕ್ಷಮಿಸಿಯೇನು. ನಿಮ್ಮ ಕಾಗದಕ್ಕೆ ನಾನು ಕಾಯೋ ಹಾಗೆ ಮಾಡಿದ್ರಲ್ಲ, ಅದನ್ನ ಕ್ಷಮಿಸೋಕೆ ನನ್ನ ಕೈಲಿ ಆಗಲ್ಲ.

ಇದಕ್ಕೆ ಉತ್ತರ ಬರೀಬೇಡಿ. ಬರೆದ್ರೆ ನಾನು ಓದಿಬಿಡ್ತೀನಿ.

ಮೆಹಿಟಬಲ್ ನಿಕರ್ಸನ್